ರಾಜಕುಮಾರನ ನಾಲ್ಕು ಪ್ರತಿಗಳು

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗನಿಗೆ ಒಂದು ಪೆನ್‌ಡ್ರೈವ್ ಕೊಟ್ಟೆ. "ನಾ ನಿನ್ನಷ್ಟಿದ್ದಾಗ ಆಡಿದ್ ಗೇಮ್ ಇದರಾಗ ಐತಿ, ಆಡ್ ನೋಡು" ಅಂದೆ. ಹತ್ತು ನಿಮಿಷಕ್ಕೆ ವಾಪಸ್ ಬಂದ.

"ಮಾಮಾ, ಇದು ಓಪನ್ನ ಆಗವಲ್ದು."

ಹೋಗಿ ನೋಡಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಅಂತ ವಿಂಡೋಸ್ ಕೈತೊಳೆದುಕೊಂಡು ಕೂತಿತ್ತು. ಅವನ ಲ್ಯಾಪ್‌ಟಾಪ್‌ನಲ್ಲಿರೋದು ವಿಂಡೋಸ್ 11. ಗೇಮು 1990ರ ಡಾಸ್ ಕಾಲದ್ದು, ಪ್ರಿನ್ಸ್ ಆಫ್ ಪರ್ಷಿಯಾ. "ಭಾಳ ಹಳೇದಾಗಿ ಕೆಟ್ಟಿರ್ಬೇಕ್ ಬಿಡು" ಅಂತ ಅವನೇ ಸಮಾಧಾನ ಹೇಳಿದ.

ಕೆಟ್ಟಿರಲಿಲ್ಲ. ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟು ಚಿಕ್ಕ ಗೇಮದು, ಅದರ ಒಂದು ಬೈಟೂ ಆಚೀಚೆ ಆಗಿರಲಿಲ್ಲ. ಬದಲಾಗಿದ್ದು ಸುತ್ತಲಿನ ಲೋಕ. ಡಾಸ್ ಗೇಮುಗಳು 16 ಬಿಟ್ ಪ್ರೋಗ್ರಾಮುಗಳು. 32 ಬಿಟ್ ವಿಂಡೋಸ್ ಇರೋತನಕ ಇಂಥವಕ್ಕೆ ಅಂತಲೇ ಒಳಗೊಂದು ಕೋಣೆ ಇಟ್ಟಿದ್ದರು. 64 ಬಿಟ್ ವಿಂಡೋಸ್‌ನಲ್ಲಿ ಆ ಕೋಣೆ ಇಲ್ಲ. ಪ್ರೊಸೆಸರು 64 ಬಿಟ್ ಮೋಡಿಗೆ ಹೋದಮೇಲೆ, ಹಳೇ 8086 ಚಿಪ್ಪಿನ ವೇಷ ಹಾಕೋ ಸವಲತ್ತು ಅದಕ್ಕೆ ಸಿಗೋದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರೋದೇ, ಡಾಸ್‌ಬಾಕ್ಸ್. 2002ರಿಂದ ಇದೆ, ಬಿಟ್ಟಿ ಸಿಗುತ್ತೆ. ಅದು ಗೇಮನ್ನು ಮುಟ್ಟೋದೇ ಇಲ್ಲ. ಗೇಮಿನ ಸುತ್ತ ಒಂದು ಹಳೇ ಕಂಪ್ಯೂಟರನ್ನೇ ಕಟ್ಟುತ್ತೆ: ಹಳೇ ಪ್ರೊಸೆಸರು, ಹಳೇ ಸೌಂಡ್ ಕಾರ್ಡು, ಹಳೇ ಕೀಬೋರ್ಡು, ಎಲ್ಲ ಸುಳ್ಳೇ ಸುಳ್ಳು. ಇನ್ನೂ ತೊಂಬತ್ತರ ದಶಕ ನಡೀತಿದೆ ಅಂತ ಗೇಮಿಗೆ ನಂಬಿಸೋದಷ್ಟೇ ಅದರ ಕೆಲಸ. ಹತ್ತು ನಿಮಿಷದಲ್ಲಿ ರಾಜಕುಮಾರ ಎದ್ದು ನಿಂತ. ಹುಡುಗನ ಮುಂದೆ ದೊಡ್ಡಸ್ತಿಕೆ ತೋರಿಸೋಕೆ, "ಇದಕ್ಕೊಂದು ಮಂತ್ರ ಐತಿ" ಅಂದು 'ಪ್ರಿನ್ಸ್ ಮೆಗಾಹಿಟ್' ಅಂತ ಟೈಪ್ ಮಾಡಿ ಗೇಮ್ ಶುರು ಮಾಡಿದೆ. ಹಾಗೆ ಮಾಡಿದರೆ ಚೀಟ್ ಎಲ್ಲ ನಡೀಬೇಕು, ಶಿಫ್ಟ್ ಮತ್ತು ಎಲ್ ಒತ್ತಿದರೆ ಒಂದೊಂದೇ ಹಂತ ಹಾರ್ಕೊಂಡು ಕೊನೇತನಕ ಹೋಗಬಹುದು. ನಡೀಲಿಲ್ಲ. ಮರ್ಯಾದೆ ಹೋಯ್ತು.

ಆಗ ನೆನಪಾಗಿದ್ದು ಹಾಸ್ಟೆಲ್ ಜಗಳ. ಬಿಇ ಮಾಡುವಾಗ ನನ್ನ ಜೊತೆ ದಾಂಡೇಲಿಯವನೊಬ್ಬ, ಜೋಯಿಡಾದವನೊಬ್ಬ, ಮುಂಡಗೋಡದ ಟಿಬೆಟನ್ ಕ್ಯಾಂಪಿನವನೊಬ್ಬ ಇದ್ದರು. ನಾನು ಹಳಿಯಾಳದವನು. ನಾಲ್ಕೂ ಜನ ಚಿಕ್ಕವರಿದ್ದಾಗ ಬೇರೆಬೇರೆ ಕಡೆ ಇದೇ ಗೇಮು ಆಡಿದ್ದೆವು. ನಾನು ಮಂತ್ರ 'ಮೆಗಾಹಿಟ್' ಅಂದರೆ ದಾಂಡೇಲಿಯವನು "ಅಲ್ಲಲೇ, 'ಇಂಪ್ರೂವ್ಡ್' ಅದು" ಅಂತಿದ್ದ. ಇಬ್ಬರೂ ಆಣೆ ಪ್ರಮಾಣ ಮಾಡಿದರೂ ಇತ್ಯರ್ಥ ಆಗಲಿಲ್ಲ. ಈ ಪೆನ್‌ಡ್ರೈವಿನ ಗೇಮು ಅವನೇ ಕೊಟ್ಟಿದ್ದು. 'ಪ್ರಿನ್ಸ್ ಇಂಪ್ರೂವ್ಡ್' ಅಂತ ಹೊಡೆದೆ. ಚೀಟ್ ನಡೀತು.

ಯಾರೂ ಸುಳ್ಳು ಹೇಳಿರಲಿಲ್ಲ. ಆಟದ ನಡುವೆ ಕಂಟ್ರೋಲ್ ಮತ್ತು ವಿ ಒತ್ತಿದರೆ ಯಾವ ಆವೃತ್ತಿ ಅಂತ ತೋರಿಸುತ್ತೆ. ಆವೃತ್ತಿ 1.0ಕ್ಕೆ ಮಂತ್ರ ಮೆಗಾಹಿಟ್. 1.3 ಮತ್ತು 1.4ಕ್ಕೆ ಇಂಪ್ರೂವ್ಡ್. ಹಳಿಯಾಳದಿಂದ ದಾಂಡೇಲಿಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯೋದಿಲ್ಲ, ಆದರೆ ಎರಡು ಊರಿಗೆ ಎರಡು ಪಾಠ ತಲುಪಿತ್ತು.

ಪಾಠ ಅನ್ನೋ ಶಬ್ದ ಬೇಕಂತಲೇ ಬಳಸ್ತಿದ್ದೀನಿ. ಪಿಯುಸಿಯಲ್ಲಿ ನಮ್ಮ ಕನ್ನಡ ಸರ್ ಒಂದಿನ ಸಿಲಬಸ್ ಬಿಟ್ಟು, ತಾಳೆಗರಿಯಿಂದ ಹಳಗನ್ನಡ ಕಾವ್ಯ ಪುಸ್ತಕ ಆಗೋದು ಹೇಗೆ ಅಂತ ಹೇಳಿದ್ದರು. ಒಂದೇ ಕಾವ್ಯದ ಪ್ರತಿ ಬೇರೆಬೇರೆ ಊರಿನ ಮಠದಲ್ಲಿ, ಬಸದಿಯಲ್ಲಿ, ಮನೆಯ ಅಟ್ಟದಲ್ಲಿ ಇರುತ್ತೆ. ಯಾವೆರಡೂ ಒಂದೇ ಥರ ಇರಲ್ಲ. ಒಬ್ಬ ಲಿಪಿಕಾರ ಅಕ್ಷರ ಬಿಟ್ಟಿರ್ತಾನೆ, ಇನ್ನೊಬ್ಬ ತನಗೆ ತಿಳಿದ ಹಾಗೆ ತಿದ್ದಿರ್ತಾನೆ. ಸಂಪಾದಕ ಎಲ್ಲ ಪ್ರತಿ ತರಿಸಿ, ಕ, ಖ, ಗ ಅಂತ ಹೆಸರಿಟ್ಟು, ಸಾಲಿಗೆ ಸಾಲು ಹೋಲಿಸಿ, ಯಾವುದು ಕವಿಯ ಮಾತಿಗೆ ಹತ್ತಿರ ಅಂತ ನಿರ್ಧರಿಸ್ತಾನೆ. ಬಿಟ್ಟ ಪಾಠಾಂತರಗಳನ್ನ ಎಸೆಯೋದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡ್ತಾನೆ. 1898ರಲ್ಲಿ ಕೆ.ಬಿ. ಪಾಠಕರು ಕವಿರಾಜಮಾರ್ಗವನ್ನ ಅಚ್ಚಿಗೆ ತಂದ ಕಾಲದಿಂದ ಈ ಕೆಲಸ ನಮ್ಮಲ್ಲಿ ನಡೀತಿದೆ. ಡಿ.ಎಲ್. ನರಸಿಂಹಾಚಾರ್ ಇದರ ಮೇಲೇ 'ಕನ್ನಡ ಗ್ರಂಥಸಂಪಾದನೆ' ಅಂತ ಒಂದು ಇಡೀ ಪುಸ್ತಕ ಬರೆದಿದ್ದಾರೆ.

ಗೇಮಿಗೂ ತಾಳೆಗರಿಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನಬೇಡಿ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಎರಡನೇ ಕಲಮು, ಸಾಹಿತ್ಯ ಕೃತಿ ಅನ್ನೋದರ ಅರ್ಥ ಕೊಡುವಾಗ ಕಂಪ್ಯೂಟರ್ ಪ್ರೋಗ್ರಾಮನ್ನೂ ಸೇರಿಸುತ್ತೆ. ಕಾನೂನಿನ ಕಣ್ಣಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಸಾಹಿತ್ಯ ಕೃತಿ. ಸರಿ, ಹಾಗಾದರೆ ಅದನ್ನ ಹೊಸ ಕಂಪ್ಯೂಟರಿಗೆ ತರೋರನ್ನ ರಿಪೇರಿಯವರು ಅನ್ನೋ ಬದಲು ಸಂಪಾದಕರು ಅಂತಲೇ ಕರೆಯೋಣ. ಅವರ ಕೆಲಸವನ್ನೂ ಅದೇ ತಕ್ಕಡಿಯಲ್ಲಿ ತೂಗೋಣ. 'ಓಡ್ತದೋ ಇಲ್ವೋ' ಅಂತ ಮಾತ್ರ ಕೇಳಿದರೆ ಸಾಲದು. ಏನು ಉಳಿಸಿದರು, ಏನು ತಿದ್ದಿದರು, ತಿದ್ದಿದ್ದನ್ನ ಹೇಳಿದರೋ ಮುಚ್ಚಿಟ್ಟರೋ ಅಂತಲೂ ಕೇಳಬೇಕು. ನಾನು ನೋಡಿದ ಹಾಗೆ, ಗೇಮುಗಳ ಬಗ್ಗೆ ಬರೆಯೋರು ಮೊದಲನೇ ಪ್ರಶ್ನೆ ಕೇಳಿ ನಿಲ್ಲಿಸಿಬಿಡ್ತಾರೆ.

ನಾನೂ ಪ್ರತಿ ಕೂಡಿಸೋಕೆ ಕೂತೆ. ದೀಪಾವಳಿ ರಜೆ ಹೋಗಿದ್ದೇ ಇದಕ್ಕೆ. 'ಹ' ಪ್ರತಿ ನನ್ನದು, ಹಳಿಯಾಳದ ಕಂಪ್ಯೂಟರ್ ಕ್ಲಾಸಿನಿಂದ ಫ್ಲಾಪಿಯಲ್ಲಿ ತಂದು ಆಮೇಲೆ ಸಿಡಿಗೆ ಹಾಕಿಟ್ಟಿದ್ದು. 'ದಾ' ಪ್ರತಿ ದಾಂಡೇಲಿಯದು. ಅವನ ಅಪ್ಪ ಪೇಪರ್ ಮಿಲ್ಲಿನಲ್ಲಿದ್ದರು, ಮನೆಯಲ್ಲಿ ಬೇಗನೇ ಕಂಪ್ಯೂಟರ್ ಬಂದಿತ್ತು. 'ಮು' ಪ್ರತಿ ಮುಂಡಗೋಡದ್ದು. ಅದರ ಜೊತೆಗಿದ್ದ ಬ್ಯಾಚ್ ಫೈಲು ಸೌಂಡ್ ಕಾರ್ಡನ್ನ ಕೇಳೋದೇ ಇಲ್ಲ, ಕ್ಯಾಬಿನೆಟ್ಟಿನ ಒಳಗಿನ ಬೀಪ್ ಸ್ಪೀಕರಿಗೇ ಹೋಗುತ್ತೆ. ಯಾಕಂದರೆ ಆ ಕಂಪ್ಯೂಟರಿನಲ್ಲಿ ಸೌಂಡ್ ಕಾರ್ಡೇ ಇರಲಿಲ್ಲ. ಕತ್ತಿಗೆ ಕತ್ತಿ ತಾಗಿದರೆ ಖಣ್ ಅನ್ನುತ್ತೆ ಅಂತ ಅವನಿಗೆ ಮೊನ್ನೆ ಫೋನಿನಲ್ಲಿ ನಾನು ಕೇಳಿಸಿದಾಗಲೇ ಗೊತ್ತಾಗಿದ್ದು.

'ಜೋ' ಪ್ರತಿ ಎಲ್ಲಕ್ಕಿಂತ ವಿಚಿತ್ರ. ಜೋಯಿಡಾದವನು ಹಾಸ್ಟೆಲ್ಲಿನಲ್ಲಿ ಯಾವಾಗಲೂ "ಎಂಥದ್ದೋ ಬಾಟ್ಲಿ ಗೇಮು ಅದು" ಅಂತಿದ್ದ. ನಮಗೆ ಅರ್ಥವೇ ಆಗಿರಲಿಲ್ಲ. ಅವನ ಪ್ರತಿಯನ್ನ ಓಡಿಸಿ ನೋಡಿದಾಗ ಗೊತ್ತಾಯ್ತು. ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ದಾಟಿದ ಮೇಲೆ ಒಂದು ಕೋಣೆ ಬರುತ್ತೆ, ತುಂಬ ಬಾಟ್ಲಿಗಳು, ಒಂದೊಂದರ ಮೇಲೂ ಒಂದು ಇಂಗ್ಲಿಷ್ ಅಕ್ಷರ. ಗೇಮಿನ ಜೊತೆ ಕೊಟ್ಟ ಪುಸ್ತಕದ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟ್ಲಿ ಕುಡೀಬೇಕು. ಕಳ್ಳಪ್ರತಿ ತಡೆಯೋಕೆ ಹಾಕಿದ ಬೀಗ ಅದು. ನಮ್ಮ ಮೂವರ ಪ್ರತಿಯಲ್ಲಿ ಯಾರೋ ಪುಣ್ಯಾತ್ಮರು ಆ ಬೀಗ ಒಡೆದಿದ್ದರು. ಜೋಯಿಡಾಕ್ಕೆ ಹೋಗಿದ್ದು ಬೀಗ ಇದ್ದ ಪ್ರತಿ, ಆದರೆ ಪುಸ್ತಕ ಇಲ್ಲ. ಪಾಪ, ಅವನು ವರ್ಷಗಟ್ಟಲೆ ಮೊದಲ ಹಂತ ಆಡಿ, ಬಾಟ್ಲಿ ಕೋಣೆಯಲ್ಲಿ ಕಣ್ಣುಮುಚ್ಚಿ ಒಂದನ್ನ ಕುಡಿದು, ಎರಡೋ ಮೂರೋ ಸಲ ಮಾತ್ರ ಆಚೆ ದಾಟಿದ್ದನಂತೆ.

ಇದರಲ್ಲಿ ಯಾವುದು ನಿಜವಾದ ಪ್ರಿನ್ಸ್? ಬೀಗ ಇರೋ ಪ್ರತಿಯೇ ಪ್ರಕಾಶಕರು ಹೊರಗೆ ಬಿಟ್ಟ ಶುದ್ಧ ಪಾಠ. ಆ ಶುದ್ಧ ಪಾಠ ಇದ್ದವನಿಗೇ ಗೇಮು ಸಿಕ್ಕಿಲ್ಲ.

ಈಗ ಮೂಲದವನ ವಿಷಯಕ್ಕೆ ಬರ್ತೀನಿ. ಜೋರ್ಡನ್ ಮೆಕ್ನರ್ ಅನ್ನೋರು ಈ ಗೇಮನ್ನ ಆ್ಯಪಲ್ 2 ಕಂಪ್ಯೂಟರಿಗೆ ಬರೆದರು, 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ಅದನ್ನ ಹೊರಗೆ ತಂತು. ತಮ್ಮ ಡೇವಿಡ್ ಓಡೋದು, ಜಿಗಿಯೋದು, ಜೋತುಬೀಳೋದನ್ನ ವಿಡಿಯೊ ಮಾಡಿ, ಒಂದೊಂದೇ ಚೌಕಟ್ಟನ್ನ ಚಿತ್ರಕ್ಕೆ ಇಳಿಸಿದರು. ಅದಕ್ಕೇ ಈ ರಾಜಕುಮಾರನಿಗೆ ತೂಕ ಇದೆ. ಕೀ ಬಿಟ್ಟ ತಕ್ಷಣ ನಿಲ್ಲೋದಿಲ್ಲ. ಓಡ್ತಿದ್ದವನು ಕಾಲು ಉಜ್ಜಿ ನಿಲ್ತಾನೆ, ಅಷ್ಟರಲ್ಲಿ ಗುಂಡಿ ಬಂದಿರುತ್ತೆ. ಗದ್ದೆಯ ಬದುವಿನ ಮೇಲೆ ಓಡಿ ಗೊತ್ತಿದ್ದ ನಮಗೆ ಇದು ಬೇಗ ಅರ್ಥ ಆಗಿತ್ತು, ಎಲ್ಲಿ ನಿಲ್ಲಬೇಕು ಅಂತ ಮೂರು ಹೆಜ್ಜೆ ಮೊದಲೇ ಯೋಚಿಸಬೇಕು. ಮೇಲಿಂದ ಅರವತ್ತು ನಿಮಿಷದ ಗಡುವು. ಸತ್ತರೆ ಹಂತದ ಶುರುವಿನಿಂದ ಆಡಬಹುದು, ಕಳೆದ ನಿಮಿಷ ಮಾತ್ರ ವಾಪಸ್ ಬರಲ್ಲ.

ಇನ್ನೊಂದು ಪಾತ್ರ ಇದೆ, ನೆರಳು ಮನುಷ್ಯ. ಕನ್ನಡಿ ಒಡೆದು ಹೊರಗೆ ಬಂದು, ರಾಜಕುಮಾರನಿಗೆ ಬೇಕಾದ ಔಷಧ ತಾನು ಕುಡಿದು ಹೋಗೋನು. ಕಂಪ್ಯೂಟರಿನ ಮೆಮೊರಿ ತುಂಬಿಹೋಗಿ ಹೊಸ ವೈರಿಯ ಚಿತ್ರಕ್ಕೆ ಜಾಗ ಇಲ್ಲದಾಗ, ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ ಅದರ ಮೇಲೇ ಹೇರಿ ಹುಟ್ಟಿಸಿದ ಪಾತ್ರ ಅದು. ಕೊನೆಯಲ್ಲಿ ಅವನನ್ನ ಕತ್ತಿಯಿಂದ ಹೊಡೆದರೆ ನಮ್ಮ ಜೀವವೇ ಹೋಗುತ್ತೆ. ಕತ್ತಿ ಒಳಗಿಟ್ಟು ಎದುರು ಹೋದರೆ ಇಬ್ಬರೂ ಒಂದಾಗ್ತಾರೆ. ಬಡತನದಲ್ಲಿ ಹುಟ್ಟಿದ ಉಪಾಯ ಇಡೀ ಕತೆಯ ತಿರುಳಾಯ್ತು. ಹಳೇ ಗೇಮಿನ ಮಿತಿಗಳನ್ನೆಲ್ಲ ದೋಷ ಅಂತ ತಿದ್ದೋಕೆ ಹೊರಡೋರು ಈ ನೆರಳನ್ನ ಒಂದ್ಸಲ ನೆನೆಸ್ಕೋಬೇಕು.

ಕಳೆದೇ ಹೋಯ್ತು ಅಂದುಕೊಂಡಿದ್ದ ಮೆಕ್ನರ್ ಅವರ ಮೂಲ ಕೋಡು 2012ರಲ್ಲಿ ಅವರ ಅಪ್ಪನಿಗೆ ಒಂದು ಪೆಟ್ಟಿಗೆಯಲ್ಲಿ ಸಿಕ್ತು. ಹಳೇ ಡಿಸ್ಕುಗಳಿಂದ ಅದನ್ನ ಜೋಪಾನವಾಗಿ ತೆಗೆದು ಗಿಟ್‌ಹಬ್‌ಗೆ ಹಾಕಿದರು. ಕವಿಯ ಕೈಬರಹವೇ ಸಿಕ್ಕಂತಾಯ್ತು. ಆದರೆ ಅದು ಆ್ಯಪಲ್ 2ರ ಪಾಠ. ನಾವು ಆಡಿದ್ದು ಡಾಸ್ ಪಾಠ, ಬೇರೆಯವರು ಬೇರೆ ಯಂತ್ರಕ್ಕೆ ಹೊಂದಿಸಿ ಬರೆದದ್ದು. ಅದಕ್ಕಾಗಿ ಇನ್ನೊಬ್ಬ ಹವ್ಯಾಸಿ ಡಾಸ್ ಪ್ರೋಗ್ರಾಮನ್ನೇ ಬಿಚ್ಚಿ, ಯಂತ್ರದ ಸೂಚನೆಗಳನ್ನ ಒಂದೊಂದಾಗಿ ಓದಿ, ಸಿ ಭಾಷೆಯಲ್ಲಿ ತಿರುಗಿ ಬರೆದ. ಎಸ್‌ಡಿಎಲ್‌ಪಾಪ್ ಅಂತ ಅದರ ಹೆಸರು. ಡಾಸ್‌ಬಾಕ್ಸಿನ ಹಂಗಿಲ್ಲದೆ ವಿಂಡೋಸ್, ಲಿನಕ್ಸ್ ಎರಡರಲ್ಲೂ ನೇರ ಓಡುತ್ತೆ.

ನಾನು ನೋಡಿದ್ದರಲ್ಲಿ ಅತಿ ಪ್ರಾಮಾಣಿಕ ಸಂಪಾದನೆ ಇದು. ಯಾಕೆ ಅಂತ ಹೇಳ್ತೀನಿ. ಮೂಲದಲ್ಲಿ ದೋಷಗಳಿದ್ದವು. ಒಂದು ಕಡೆ ಗೇಟಿನ ಮೇಲಿನ ಗೋಡೆಯನ್ನ ತೂರಿಕೊಂಡು ಜಿಗಿಯಬಹುದಿತ್ತು. ಇವರು ಅದನ್ನ ತಿದ್ದಿದ್ದಾರೆ, ಆದರೆ ಸದ್ದಿಲ್ಲದೆ ತಿದ್ದಿಲ್ಲ. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಒಂದೊಂದು ತಿದ್ದುಪಡಿಗೂ ಒಂದೊಂದು ಸಾಲು. ಬೇಕಾದರೆ ಹಾಕ್ಕೊಳ್ಳಿ, ಬೇಡಾದರೆ ತೆಗೀರಿ. ಎಲ್ಲ ತೆಗೆದರೆ ದೋಷಸಮೇತ ಹಳೇ ಗೇಮು. ಅಡಿಟಿಪ್ಪಣಿ ಅಂದರೆ ಇದೇ ಅಲ್ವಾ? ನಡುವೆ ಎಲ್ಲಿ ಬೇಕಾದರೂ ಸೇವ್ ಮಾಡೋ ಸೌಲಭ್ಯ ಕೊಟ್ಟಿದ್ದಾರೆ. ಇದರಿಂದ ಅರವತ್ತು ನಿಮಿಷದ ಬಿಗಿ ಹಾಳಾಗುತ್ತಲ್ಲ ಅಂತ ಮೂಗು ಮುರಿಯೋಕೆ ಹೊರಟಿದ್ದೆ. ಅದಕ್ಕೂ ಒಂದು ಸಾಲು ಇದೆ: ಸೇವ್ ಮಾಡಿದ ಜಾಗಕ್ಕೆ ಮರಳಿದರೆ ಉಳಿದ ಸಮಯದಲ್ಲಿ ಒಂದಿಷ್ಟು ದಂಡ ಹಾಕೋ ಆಯ್ಕೆ. ಕೃತಿಯನ್ನ ಒಳಗಿಂದ ಓದಿದವರಿಗೆ ಮಾತ್ರ ಹೊಳೆಯೋ ಮಾತಿದು. ಬಾಟ್ಲಿ ಕೋಣೆಯನ್ನೂ ಎಸೆದಿಲ್ಲ. ಸುಮ್ಮನೆ ಮುಚ್ಚಿಟ್ಟಿದ್ದಾರೆ, ಒಂದು ಸಾಲು ಬದಲಿಸಿದರೆ ತೆರೆಯುತ್ತೆ.

ಈಗ ದುಡ್ಡಿದ್ದವರ ಸಂಪಾದನೆ ನೋಡಿ. 2021ರ ನವೆಂಬರಿನಲ್ಲಿ ರಾಕ್‌ಸ್ಟಾರ್ ಕಂಪನಿ ತನ್ನ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆ್ಯಂಡ್ರಿಯಾಸ್ ಮೂರನ್ನೂ ಹೊಸದಾಗಿ ಮಾಡಿಸಿ, ಇದೇ ನಿರ್ಣಾಯಕ ಆವೃತ್ತಿ ಅಂತ ಹೆಸರಿಟ್ಟು ಮಾರಿತು. ಅದಕ್ಕೂ ಮೊದಲು ಹಳೇ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆದುಹಾಕಿತು. ಹೊಸ ಪಾಠ ಅಚ್ಚು ಹಾಕಿಸಿ ಹಳೇ ಪ್ರತಿಗಳಿಗೆ ಬೀಗ ಹಾಕಿದ ಹಾಗೆ. ಊರಿನ ಅಂಗಡಿ ಬೋರ್ಡುಗಳನ್ನ ಯಂತ್ರದ ಕೈಲಿ ನುಣುಪು ಮಾಡಿಸಿದ್ದರು, ಕೆಲವು ಕಡೆ ಕಾಗುಣಿತವೇ ತಪ್ಪಿಹೋಗಿತ್ತು. ಭಾಷೆ ಗೊತ್ತಿಲ್ಲದ ಲಿಪಿಕಾರ ಅಕ್ಷರದ ಆಕಾರ ನೋಡಿ ನಕಲು ಮಾಡಿದರೆ ಆಗೋದೂ ಇದೇ.

ನನಗೆ ಹೆಚ್ಚು ಬೇಸರ ತಂದಿದ್ದು ಮಂಜು. ಸ್ಯಾನ್ ಆ್ಯಂಡ್ರಿಯಾಸ್‌ನಲ್ಲಿ ದೂರದ್ದು ಮಸುಕಾಗಿ ಕಾಣ್ತಿತ್ತು. 2004ರ ಯಂತ್ರಕ್ಕೆ ಅಷ್ಟು ದೂರದ ಚಿತ್ರ ಹೊರೋ ತಾಕತ್ತು ಇರಲಿಲ್ಲ, ಅದಕ್ಕೆ ಮಂಜು ಹರಡಿದ್ದರು. ಹೊಸ ಯಂತ್ರಕ್ಕೆ ತಾಕತ್ತು ಇದೆಯಲ್ಲ ಅಂತ ಮಂಜು ತೆಗೆದರು. ಗುಡ್ಡದ ಮೇಲೆ ನಿಂತರೆ ಇಡೀ ನಾಡು ಒಂದು ಹರಿವಾಣದಲ್ಲಿ ಇಟ್ಟ ಹಾಗೆ ಚಿಕ್ಕದಾಗಿ ಕಂಡುಬಿಡ್ತು. ಮಳೆಗಾಲದಲ್ಲಿ ಅಣಶಿ ಘಟ್ಟ ಇಳಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮುಂದಿನ ತಿರುವು ಕಾಣದೆ ಇರೋದಕ್ಕೇ ಆ ದಾರಿ ಅಷ್ಟು ಉದ್ದ. ಜನ ಬೈದ ಮೇಲೆ ಕಂಪನಿ ಅದೇ ತಿಂಗಳು ಕ್ಷಮೆ ಕೇಳಿ, ಹಳೇ ಆವೃತ್ತಿಗಳನ್ನ ಪಿಸಿಯವರಿಗೆ ತನ್ನ ಅಂಗಡಿಯಲ್ಲಿ ಮತ್ತೆ ಇಡ್ತೀವಿ ಅಂತು.

ಬೀಗದ ಕತೆಯೂ ಅಲ್ಲಿಗೇ ಮುಗಿದಿಲ್ಲ. ಎರಡು ಸಾವಿರದ ಆಸುಪಾಸಿನ ಎಷ್ಟೋ ಗೇಮ್ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಅನ್ನೋ ಬೀಗ ಇರ್ತಿತ್ತು. ಸಿಡಿ ಅಸಲಿಯೋ ನಕಲಿಯೋ ಅಂತ ನೋಡೋಕೆ ಅದು ವಿಂಡೋಸಿನ ಒಳಗೆ ಒಂದು ಡ್ರೈವರನ್ನ ಕೂರಿಸ್ತಿತ್ತು. ಆ ಡ್ರೈವರಿನಿಂದ ಭದ್ರತೆಗೆ ಅಪಾಯ ಅಂತ ವಿಂಡೋಸ್ 10 ಅದನ್ನ ಒಪ್ಪಲಿಲ್ಲ. 2015ರ ಸೆಪ್ಟೆಂಬರಿನ ಅಪ್‌ಡೇಟು ಹಳೇ ವಿಂಡೋಸ್‌ಗಳಲ್ಲೂ ಅದನ್ನ ನಿಲ್ಲಿಸಿತು. ತಾಂತ್ರಿಕವಾಗಿ ಸರಿಯಾದ ನಿರ್ಧಾರವೇ. ಪರಿಣಾಮ ಏನಾಯ್ತು ಅಂದರೆ, ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಓಡೋದಿಲ್ಲ, ಬೀಗ ಒಡೆದ ಕಳ್ಳಪ್ರತಿ ಓಡುತ್ತೆ. 2023ರಲ್ಲಿ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಹೊರಗೆ ತಂತು: 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಗೇಮುಗಳಲ್ಲಿ 87 ಶೇಕಡಾದಷ್ಟು ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗೋದಿಲ್ಲ. ಕಳ್ಳಪ್ರತಿಯನ್ನ ನಾನು ಹೊಗಳ್ತಿಲ್ಲ. ನಾನೂ ಸಾಫ್ಟ್‌ವೇರ್ ಬರೆದೇ ಊಟ ಮಾಡೋನು. ಆದರೆ ಮಾರೋದೂ ಇಲ್ಲ, ಉಳಿಸೋದೂ ಇಲ್ಲ ಅನ್ನೋರ ಕೈಯಲ್ಲಿ ಕೀಲಿ ಇದ್ದರೆ ಉಳಿಯೋದು ಕದ್ದದ್ದು ಮಾತ್ರ. ಇದು ಯಾರಿಗೂ ಹೆಮ್ಮೆಯ ವಿಷಯ ಅಲ್ಲ.

ಕದ್ದದ್ದರಲ್ಲೂ ಪಾಠದೋಷ ಇರುತ್ತೆ. ರೋಡ್ ರ‍್ಯಾಶ್ ಯಾರು ಆಡಿಲ್ಲ ಹೇಳಿ? ಬೈಕ್ ಓಡಿಸ್ತಾ ಪಕ್ಕದವನಿಗೆ ಸರಪಳಿಯಲ್ಲಿ ಬಾರಿಸೋ ಗೇಮು. ಹಳಿಯಾಳದ ಕ್ಲಾಸಿನಲ್ಲಿದ್ದ ನಮ್ಮ ಪ್ರತಿಯಲ್ಲಿ ಮೆನು ಮೌನವಾಗಿತ್ತು, ವಿಡಿಯೊ ಇರಲಿಲ್ಲ. ರೇಸ್ ಮುಗಿದರೆ ಸೀದಾ ಮುಂದಿನ ತೆರೆ. ಗೇಮು ಇರೋದೇ ಹಾಗೆ ಅಂದುಕೊಂಡಿದ್ದೆ. ದಾಂಡೇಲಿಯವನ ಹತ್ತಿರ ಪೂರ್ತಿ ಸಿಡಿ ಇತ್ತು. ಅದನ್ನ ಈಗ ಓಡಿಸಿದಾಗ, ಮೆನು ತೆರೆದ ಕೂಡಲೇ ಸೌಂಡ್‌ಗಾರ್ಡನ್ ಬ್ಯಾಂಡಿನ ಗಿಟಾರು ಕಿವಿಗೆ ಬಡೀತು. ರೇಸಿನ ಹಿಂದೆ ಮುಂದೆ ನಿಜವಾದ ಜನ ನಟಿಸಿದ ವಿಡಿಯೊಗಳು. ನಮಗೆ ಸಿಕ್ಕಿದ್ದು, ಸೈಜು ಇಳಿಸೋಕೆ ಹಾಡು, ವಿಡಿಯೊ ಕೊಯ್ದು ತೆಗೆದ ಪ್ರತಿ.

ಅಕ್ಕನ ಮಗ ಎರಡನ್ನೂ ಆಡಿದ. "ಮಾಮಾ, ಆ ಹಾಡಿಂದು ಬ್ಯಾಡ. ಸುಮ್ನಿರೋದ ಚೊಲೋ ಐತಿ" ಅಂದ. ಒಳಗೊಳಗೇ ನನಗೂ ಹಾಗೇ ಅನ್ನಿಸಿತ್ತು. ಆದರೆ ವಿಮರ್ಶೆ ಮಾಡೋಕೆ ಕೂತಮೇಲೆ ಒಪ್ಪಿಕೊಳ್ಳಲೇಬೇಕು, ಹಾಡಿರೋದೇ ಮೂಲಪಾಠ. ಆ ಕಾಲದ ಅಮೆರಿಕದ ಹುಡುಗರ ಸಿಟ್ಟು, ತಮಾಷೆ ಎಲ್ಲ ಆ ಗಿಟಾರಿನಲ್ಲಿದೆ. ಅದನ್ನ ಕೊಯ್ದರೆ ಉಳಿಯೋದು ಬರೀ ಬೈಕು, ರಸ್ತೆ. ನಮ್ಮದು ರೂಢಿಯಲ್ಲಿ ಬಂದ ಪಾಠ. ಅದರ ಮೇಲೆ ನನಗೆ ಪ್ರೀತಿ ಇದೆ, ಹಾಗಂತ ಅದೇ ಸರಿ ಅನ್ನೋಕಾಗಲ್ಲ. ತಮಾಷೆ ಏನಂದರೆ, ಆಮೇಲೆ ದೊಡ್ಡ ಕಂಪನಿಗಳೂ ಇದನ್ನೇ ಮಾಡಿದವು. ಹಾಡುಗಳ ಲೈಸೆನ್ಸ್ ಮುಗಿದಾಗ ವೈಸ್ ಸಿಟಿಯಿಂದ ಮೈಕೆಲ್ ಜಾಕ್ಸನ್ ಮಾಯವಾದ. 2014ರ ಅಪ್‌ಡೇಟಿನಲ್ಲಿ ಸ್ಯಾನ್ ಆ್ಯಂಡ್ರಿಯಾಸ್‌ನ ರೇಡಿಯೊದಿಂದಲೂ ಹಾಡುಗಳು ಹೋದವು. ದುಡ್ಡು ಕೊಟ್ಟವರಿಗೂ ಕೊನೆಗೆ ಸಿಕ್ಕಿದ್ದು ಕೊಯ್ದ ಪ್ರತಿಯೇ. ಹಾಡು ಸಮೇತ ಪಾಠ ಬೇಕಾದರೆ ಯಾರದೋ ಮನೆಯ ಹಳೇ ಸಿಡಿಯನ್ನೇ ಹುಡುಕಬೇಕು.

ಇಷ್ಟೆಲ್ಲ ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜೋಯಿಡಾದ ಗೆಳೆಯ ಕಳಿಸಿದ್ದು ಒಂದೇ ಸಿಡಿ ಅಲ್ಲ. "ಅಟ್ಟದ ಮ್ಯಾಲಿದ್ದದ್ದೆಲ್ಲಾ ಬಸ್ಸಿನಾಗ ಇಟ್ಟೇನಿ, ಕಂಡಕ್ಟರ್ ಕಡೆ ಇಸ್ಕೊ" ಅಂತ ಒಂದು ಡಬ್ಬಿಯನ್ನೇ ಕಳಿಸಿದ್ದ. ಅಲ್ಲಿಯ ಮಳೆ ಗೊತ್ತಲ್ಲ, ಅರ್ಧದಷ್ಟು ಸಿಡಿಗೆ ಬೂಷ್ಟು ಹಿಡಿದು ಬೆಳ್ಳಿ ಬಣ್ಣ ಎದ್ದುಬಂದಿತ್ತು. ಅದರ ನಡುವೆ ಒಂದು ಸಿಡಿ ಮೇಲೆ ಪೆನ್ನಿನಲ್ಲಿ 'ಕನ್ನಡ' ಅಂತ ಮಾತ್ರ ಬರೆದಿತ್ತು. ಹಾಕಿ ನೋಡಿದೆ. ಹಳಿಯಾಳದ ಕ್ಲಾಸಿನಲ್ಲೂ ಇದ್ದ ಗೇಮದು! ಮರದಿಂದ ಅಕ್ಷರ ಉದುರ್ತಾವೆ, ಬುಟ್ಟಿ ಹಿಡಿದು ಆಯಬೇಕು. ಆಯ್ದ ಅಕ್ಷರವನ್ನ ಒಬ್ಬ ಹೆಣ್ಣುಮಗಳ ದನಿ ಹೇಳುತ್ತೆ. ನಮ್ಮ ಬಾಲ್ಯದಲ್ಲಿ ಕನ್ನಡದಲ್ಲಿದ್ದ ಗೇಮು ಅಂದರೆ ಅದೊಂದೇ. ನಾವು ಅದನ್ನ ಸಣ್ಣ ಮಕ್ಕಳದ್ದು ಅಂತ ನಗಾಡಿ ಪ್ರಿನ್ಸ್‌ಗೆ ಓಡ್ತಿದ್ದೆವು.

32 ಬಿಟ್ ಪ್ರೋಗ್ರಾಮಾದ್ದರಿಂದ ಅದು ಶುರುವೇನೋ ಆಯ್ತು. ಕಾಂಪ್ಯಾಟಿಬಿಲಿಟಿಯಲ್ಲಿ 256 ಬಣ್ಣ ಅಂತ ಆರಿಸಿದ ಮೇಲೆ ಮರ ಹಸಿರಾಯ್ತು. ಆದರೆ ಉದುರಿದ್ದು ಇಂಗ್ಲಿಷ್ ಅಕ್ಷರ. 'ಕ' ಬರಬೇಕಾದಲ್ಲಿ ಇಂಗ್ಲಿಷ್ ಪಿ, ಅದರ ಪಕ್ಕ ತಲೆಮೇಲೆ ಗೀಟಿರೋ ಎ. ಕಾರಣ ಸರಳ. ಯುನಿಕೋಡ್ ಕನ್ನಡ ವಿಂಡೋಸ್‌ಗೆ ಬಂದಿದ್ದು 2001ರ ಎಕ್ಸ್‌ಪಿ ಜೊತೆಗೆ, ತುಂಗಾ ಫಾಂಟಿನೊಂದಿಗೆ. ಅದಕ್ಕೂ ಮೊದಲು, ಆಮೇಲೂ ಸುಮಾರು ವರ್ಷ, ನಮ್ಮವರು ಇಂಗ್ಲಿಷ್ ಅಕ್ಷರದ ಸ್ಥಾನಗಳಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿ ಕೆಲಸ ನಡೆಸಿದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೊಂದಲ. ಈ ಸಿಡಿಯಲ್ಲಿ ಫಾಂಟಿನ ಫೈಲು ಇದ್ದ ಜಾಗಕ್ಕೇ ಬೂಷ್ಟು.

'ಕ'ಕ್ಕೆ ಪಿ, ಗೀಟಿನ ಎ ಅನ್ನೋದು ನುಡಿ ಫಾಂಟಿನ ಕ್ರಮ. ಹಾಗಾಗಿ ಹಳೇ ನುಡಿ ಫಾಂಟ್ ಒಂದನ್ನ ತಂದು, ಗೇಮು ಕೇಳ್ತಿದ್ದ ಹೆಸರನ್ನೇ ಅದಕ್ಕಿಟ್ಟು ಕೂರಿಸಿದೆ. ಮರದಿಂದ ಕನ್ನಡ ಉದುರಿತು. ಸ್ವರಗಳು ಸರಿ, ವ್ಯಂಜನಗಳು ಹೆಚ್ಚುಕಡಿಮೆ ಸರಿ. ಕೆಲವು ಕಡೆ ತೆರೆ ಒಂದು ತೋರಿಸುತ್ತೆ, ದನಿ ಇನ್ನೊಂದು ಹೇಳುತ್ತೆ. ಇಲ್ಲಿ ನನಗೆ ಎರಡನೇ ಪ್ರತಿ ಅಂದರೆ ಆ ಹೆಣ್ಣುಮಗಳ ದನಿಯೇ. ಅವಳು ಹೇಳಿದ್ದನ್ನ ಕೇಳಿ, ತೆರೆಯ ಮೇಲಿನದನ್ನ ಅದರ ಜೊತೆ ಹೋಲಿಸಿ, ತಪ್ಪಿದ್ದನ್ನೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಾಗಿ ಬರೀತಿದ್ದೀನಿ. ಮೂಲ ಫೈಲುಗಳನ್ನ ಮುಟ್ಟಿಲ್ಲ. ಆ ಶಿಸ್ತು ಎಸ್‌ಡಿಎಲ್‌ಪಾಪ್‌ನವರು ಕಲಿಸಿದ್ದು.

ನನ್ನನ್ನ ಕಾಡೋದು ಇಷ್ಟೇ. ಪ್ರಿನ್ಸ್ ಆಫ್ ಪರ್ಷಿಯಾಕ್ಕೆ ಜಗತ್ತಿನ ತುಂಬ ಸಂಪಾದಕರಿದ್ದಾರೆ. ನಾನು ನಾಲ್ಕು ತಾಲೂಕು ಸುತ್ತದಿದ್ದರೂ ಅವನು ಉಳೀತಿದ್ದ. ಈ ಅಕ್ಷರದ ಮರಕ್ಕೆ ಯಾರೂ ಇಲ್ಲ. ನಾಲ್ಕು ಪ್ರತಿ ಹುಡುಕಿದರೆ ಸಿಕ್ಕಿದ್ದು ಒಂದು, ಅದೂ ಅರ್ಧ ಬೂಷ್ಟು. ಇಂಥ ಸಿಡಿಗಳು ಆಗ ಊರೂರಿನ ಕಂಪ್ಯೂಟರ್ ಕ್ಲಾಸುಗಳಿಗೆ ಬಂದಿದ್ದವು. ಕಲೆ ಅಂತ ಯಾರೂ ಅವನ್ನ ನೋಡಲಿಲ್ಲ, ಕಸ ಅಂತ ಎಲ್ಲರೂ ನೋಡಿದರು. ನಿಮ್ಮ ಅಟ್ಟದಲ್ಲಿ ಇದ್ದರೆ ಈ ಮಳೆಗಾಲಕ್ಕೆ ಮೊದಲು ಒಂದು ನಕಲು ಮಾಡಿಟ್ಟುಬಿಡಿ. ಓಡಿಸೋದು ಆಮೇಲೆ ನೋಡೋಣ.

ಜೋಯಿಡಾದವನಿಗೆ ಎಸ್‌ಡಿಎಲ್‌ಪಾಪ್ ಕಳಿಸಿದ್ದೆ, ಬಾಟ್ಲಿ ಕೋಣೆ ಮುಚ್ಚಿದ್ದು. ವಾರ ಬಿಟ್ಟು ಫೋನ್ ಮಾಡಿದ. ಐದನೇ ಹಂತದತನಕ ಹೋಗಿದ್ದಾನಂತೆ. "ಚೊಲೋ ಐತಿ ದೋಸ್ತ, ಆದ್ರ ನನ್ನ ಬಾಟ್ಲಿ ಎಲ್ಲಿ ಹೋದ್ವು?" ಅಂದ. ಯಾವ ಫೈಲು, ಎಷ್ಟನೇ ಸಾಲು ಅಂತ ಹೇಳಿದೆ.